ಕೆಲಸ ಕಲಿಯುವುದು, ಕೆಲಸ ಹಿಡಿಯುವುದು

(ಶತಮಾನೋತ್ಸವ ವರ್ಷದ ಮೇ 1ರಂದು, ಕಾರ್ಮಿಕರಾದ ಸಂತ ಜೋಸೆಫರ ಹಬ್ಬದ ಬಲಿಪೂಜೆಯ ತರುವಾಯ ಧರ್ಮಕೇಂದ್ರದ ಯುವಜನರ ಸಭೆಯಲ್ಲಿ ಮಾಡಿದ ಭಾಷಣ)



ಕಟ್ಟಡದ ಕೆಲಸವನ್ನು ಮೊದಲಿನಿಂದ ಕಲಿತು ಸ್ವಂತ ಉದ್ಯೋಗ ನಡೆಸುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ಭಾಷಣ ಮಾಡುವುದು ನಮ್ಮ ಕಸುಬಲ್ಲ. ನಾವು ಮೂವರು: ಇಬ್ಬರು ಅಣ್ಣತಮ್ಮಂದಿರು, ಇನ್ನೊಬ್ಬ ಅವರ ಸೋದರಮಾವನ ಮಗ. ಮೂವರಲ್ಲಿ ಒಬ್ಬರು ಮಾತ್ರ ಈ ಧ್ವನಿವರ್ಧಕದ ಮುಂದೆ ನಿಂತಿದ್ದರೂ ಹೇಳುವುದೆಲ್ಲವೂ ಮೂವರದೇ ಆದುದರಿಂದ 'ನಾವು' ಎಂದೇ ಹೇಳುತ್ತೇವೆ. ತಪ್ಪು ಮಾಡುವಾಗಲೂ ನಾವು ಒಟ್ಟಾಗಿಯೇ ಮಾಡಿದೆವು.

ನಮ್ಮ ಅಜ್ಜಂದಿರು ಜೋಜಪ್ಪನವರೆಂದು ಕರೆಯುತ್ತಿದ್ದ ಸಂತ ಜೋಸೆಫರನ್ನು ಕಾರ್ಮಿಕರ ಪಾಲಕರೆಂದು ಮೇ ಒಂದರಂದು ಸ್ಮರಿಸುವ ಹಬ್ಬವನ್ನು 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್‌ರವರು ಸ್ಥಾಪಿಸಿದರು. ಅವರನ್ನು ನಾವು ಬಡಗಿಗಳೆಂದೇ ಚಿತ್ರಗಳಲ್ಲಿ ಕಾಣುತ್ತೇವೆ. ಕೈಯಲ್ಲಿ ಉಳಿ, ಪಕ್ಕದಲ್ಲಿ ಹಲಗೆ. ಆದರೆ ಶುಭಸಂದೇಶದ ಗ್ರೀಕ್ ಮೂಲದಲ್ಲಿರುವ 'ತೆಕ್ತೋನ್' ಎಂಬ ಪದಕ್ಕೆ ಮರಗೆಲಸದವನೆಂದಷ್ಟೇ ಅಲ್ಲದೆ ಕಟ್ಟುವವನೆಂಬ ವಿಶಾಲವಾದ ಅರ್ಥವೂ ಉಂಟೆಂದು ನಮ್ಮ ಹಿಂದಿನ ಗುರುಗಳೊಬ್ಬರು ಒಮ್ಮೆ ಪ್ರಬೋಧನೆಯಲ್ಲಿ ವಿವರಿಸಿದ್ದರು. ಅಂದು ನಾವು ಹಿಂದಿನ ಸಾಲಿನಲ್ಲಿ ಕುಳಿತು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಗಾರೆ ಕೆಲಸದವರೆಂದು ಹೆಣ್ಣು ಕೊಡಲು ಹಿಂದೆಗೆಯುತ್ತಿದ್ದ ಕಾಲವದು.

ನಾವು ಈ ಕೆಲಸಕ್ಕೆ ಇಳಿದದ್ದು ಭಕ್ತಿಯಿಂದಲೂ ಅಲ್ಲ, ಆಸೆಯಿಂದಲೂ ಅಲ್ಲ. 1989ರಲ್ಲಿ ಮೂವರಲ್ಲಿ ಇಬ್ಬರು ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಗಣಿತದಲ್ಲಿ ನಪಾಸಾದೆವು. ಮೂರನೆಯವನು ಪಾಸಾಗಿಯೂ ಮುಂದೆ ಓದಿಸುವ ಶಕ್ತಿ ಮನೆಯಲ್ಲಿರಲಿಲ್ಲ. ಪಕ್ಕದ ಹಳ್ಳಿಯಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಇದ್ದರು. ಅವರು ನಮ್ಮ ಮತದವರಲ್ಲ. ಆದರೆ ಹುಡುಗನಾಗಿದ್ದಾಗ ಈ ದೇವಾಲಯದ ಗಂಟೆಗೋಪುರದ ದುರಸ್ತಿಗೆ ಕಲ್ಲು ಹೊತ್ತವರು; ಇದರ ಮುಂದೆ ಹಾದು ಹೋಗುವಾಗ ಗೋಡೆಯನ್ನೊಮ್ಮೆ ಮುಟ್ಟಿ ನೋಡಿಯೇ ಹೋಗುತ್ತಿದ್ದರು. ಅವರ ಬಳಿಗೆ ನಮ್ಮ ತಂದೆ ನಮ್ಮನ್ನು ಕರೆದೊಯ್ದು ಬಿಟ್ಟರು. ದಿನಕ್ಕೆ 20 ರೂಪಾಯಿ ಕೂಲಿ, ಮಧ್ಯಾಹ್ನದ ಊಟ ನಮ್ಮದೇ.

ಮೊದಲ ಹದಿನಾಲ್ಕು ತಿಂಗಳು ಅವರು ನಮ್ಮ ಕೈಗೆ ಕರಣೆ ಕೊಡಲಿಲ್ಲ. ಮರಳು ಜರಡಿ ಹಿಡಿದೆವು, ಇಟ್ಟಿಗೆಗಳನ್ನು ನೀರಿನ ತೊಟ್ಟಿಯಲ್ಲಿ ನೆನೆಸಿದೆವು, ಬಾಂಡ್ಲಿ ಹೊತ್ತೆವು, ಹಿಂದಿನ ದಿನ ಕಟ್ಟಿದ ಗೋಡೆಗೆ ಬೆಳಿಗ್ಗೆ ಮತ್ತು ಸಂಜೆ ನೀರು ಹೊಡೆದೆವು. ಇದನ್ನು ಅವಮಾನವೆಂದೇ ಆಗ ಭಾವಿಸಿದ್ದೆವು. ಇಂದು ನೋಡಿದರೆ, ನಮ್ಮ ಕಸುಬಿನಲ್ಲಿ ಹಾಳಾಗುವ ಕೆಲಸಗಳಲ್ಲಿ ಬಹುಪಾಲು ಹಾಳಾಗುವುದು ಇಲ್ಲಿಯೇ, ಕರಣೆಯ ತುದಿಯಲ್ಲಲ್ಲ. ಒಣಗಿದ ಇಟ್ಟಿಗೆಯು ಗಾರೆಯಲ್ಲಿರುವ ನೀರನ್ನೆಲ್ಲ ಹೀರಿಕೊಂಡುಬಿಡುತ್ತದೆ. ಸಿಮೆಂಟು ಗಟ್ಟಿಯಾಗುವುದಕ್ಕೆ ಬೇಕಾದ ನೀರೇ ಉಳಿಯುವುದಿಲ್ಲ. ಮಣ್ಣು ಬೆರೆತ ಮರಳು ಇಟ್ಟಿಗೆಯನ್ನು ಹಿಡಿದುಕೊಳ್ಳುವುದಿಲ್ಲ. ಮೇಸ್ತ್ರಿಯವರು ಒಂದು ಹಿಡಿ ಮರಳನ್ನು ಅಂಗೈಯಲ್ಲಿ ಉಜ್ಜಿ ಚೆಲ್ಲಿ, ಅಂಗೈಗೆ ಅಂಟಿದ ಕೆಸರನ್ನು ನೋಡಿ, ಲಾರಿಯನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುತ್ತಿದ್ದರು. ತೇವವಾದ ಮರಳು ಒಣ ಮರಳಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ, ನೂರು ಬಾಂಡ್ಲಿಯದು ನೂರಿಪ್ಪತ್ತೈದರಷ್ಟು ಕಾಣುವುದುಂಟು. ಆದುದರಿಂದ ಮಳೆಗಾಲದಲ್ಲಿ ಅದೇ ಅಳತೆಯಲ್ಲಿ ಮರಳು ಹಾಕಿದರೆ ವಾಸ್ತವವಾಗಿ ಕಡಿಮೆ ಹಾಕಿದಂತಾಗುತ್ತದೆ. ಇದನ್ನು ಅವರು ಪುಸ್ತಕದಿಂದ ಕಲಿತವರಲ್ಲ. ಕಲಸಿದ ಗಾರೆಯ ಬಣ್ಣ ನೋಡಿ ಹೇಳುತ್ತಿದ್ದರು.

ಕರಣೆ ಸಿಕ್ಕಿದ ಮೇಲೂ ಮೂಲೆ ಕಟ್ಟುವ ಅಧಿಕಾರ ಸಿಗಲಿಲ್ಲ. ಗೋಡೆ ಕಟ್ಟುವವರು ಮೊದಲು ಎರಡು ತುದಿಗಳ ಮೂಲೆಗಳನ್ನು ಏರಿಸುತ್ತಾರೆ. ತೂಗುಗುಂಡು ಬಿಟ್ಟು, ರಸಮಟ್ಟವಿಟ್ಟು, ಅವು ನೆಟ್ಟಗಿವೆಯೆಂದು ಖಚಿತಪಡಿಸಿಕೊಂಡು, ಮಧ್ಯೆ ದಾರ ಕಟ್ಟಿ, ಆ ದಾರದ ಗುಂಟ ನಡುವಣ ಸಾಲನ್ನು ತುಂಬುತ್ತಾರೆ. ನಡುವೆ ತುಂಬುವವನಿಗೆ ತಲೆನೋವಿಲ್ಲ. ದಾರವೇ ಅವನಿಗೆ ದಾರಿ ತೋರಿಸುತ್ತದೆ. ತಪ್ಪಿದರೆ ಮೂಲೆಯವನೇ ತಪ್ಪಿದವನು. ನಾವು ಮೂವರೂ ಸೇರಿ ಮೊದಲ ಬಾರಿಗೆ ಕಟ್ಟಿದ ಮೂಲೆಯು ನಾಲ್ಕು ಅಡಿ ಎತ್ತರಕ್ಕೆ ಅರ್ಧ ಅಂಗುಲ ಹೊರಕ್ಕೆ ವಾಲಿತ್ತು. ಮೇಸ್ತ್ರಿಯವರು ಬೈಯಲಿಲ್ಲ. ಒಂದು ಇಟ್ಟಿಗೆಯೂ ಮುರಿಯದಂತೆ ಅದನ್ನು ಬಿಚ್ಚಿ, ಅಂಟಿದ ಗಾರೆಯನ್ನು ಕೆರೆದು, ತೊಳೆದು, ಜೋಡಿಸಿಡಬೇಕೆಂದರು. ಕಟ್ಟಲು ಹಿಡಿದದ್ದು ಅರ್ಧ ದಿನ, ಬಿಚ್ಚಲು ಒಂದೂವರೆ ದಿನ.

ಪಾಯ ಗುರುತು ಹಾಕುವ ದಿನ ಅವರು ಹಗ್ಗದಲ್ಲಿ ಒಂದು ಬದಿಗೆ ಮೂರು ಅಡಿ, ಅಡ್ಡ ಬದಿಗೆ ನಾಲ್ಕು ಅಡಿ ಅಳೆದು, ಆ ಎರಡು ತುದಿಗಳ ನಡುವೆ ಸರಿಯಾಗಿ ಐದು ಅಡಿ ಬರುವ ತನಕ ಗೂಟವನ್ನು ಸರಿಸುತ್ತಿದ್ದರು. ಐದು ಬಂದರೆ ಮೂಲೆ ಚೌಕವಾಯಿತೆಂದು ಅರ್ಥ. ನಮಗೆ ಆಗ ಮೈ ಜುಮ್ಮೆಂದಿತು. ಯಾವ ಪೈಥಾಗೊರಸನ ಪ್ರಮೇಯವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಮರೆತು ನಪಾಸಾಗಿದ್ದೆವೋ ಅದನ್ನೇ ಶಾಲೆಯ ಮೆಟ್ಟಿಲು ಹತ್ತದ ಈ ವೃದ್ಧರು ಹಗ್ಗದಲ್ಲಿ ಕಟ್ಟಿ ನೆಲದ ಮೇಲೆ ಹಾಸಿದ್ದರು.

ಹೀಗೆ ಒಂಬತ್ತು ವರ್ಷ ಕಳೆಯಿತು. ಗೋಡೆ, ಪ್ಲಾಸ್ಟರಿಂಗ್, ನೆಲ, ಸಜ್ಜಾ, ಮೆಟ್ಟಿಲು ಎಲ್ಲವೂ ಕೈಗೆ ಬಂದಿತ್ತು. ಕೈಗೆ ಬಂದಿತೆಂಬ ಆ ಧೈರ್ಯದಿಂದಲೇ 1998ರಲ್ಲಿ ನಾವು ಸ್ವಂತವಾಗಿ ಕೆಲಸ ಹಿಡಿದೆವು. ಯುವಮಿತ್ರರೇ, ನಾವು ಈ ದಿನ ನಿಮಗೆ ಹೇಳಬೇಕಾಗಿರುವುದು ಇಲ್ಲಿಂದಲೇ ಆರಂಭವಾಗುತ್ತದೆ. ಕೆಲಸ ಕಲಿಯುವುದು ಒಂದು, ಕೆಲಸ ಹಿಡಿಯುವುದು ಇನ್ನೊಂದು. ಮೊದಲನೆಯದನ್ನು ಬಲ್ಲವನು ಎರಡನೆಯದನ್ನೂ ಬಲ್ಲನೆಂದು ನಾವು ತಿಳಿದಿದ್ದೆವು.

ಆ ಮನೆ ನಮ್ಮ ಧರ್ಮಕೇಂದ್ರದ ಒಬ್ಬ ವಿಧವೆ ತಾಯಿಯವರದು. ಎಂಟು ಚದರದ ಮನೆ. ಸಾಮಾನು ಅವರದು, ಕೂಲಿ ಮತ್ತು ಕೆಲಸ ನಮ್ಮದು. ಚದರಕ್ಕೆ 4,800 ರೂಪಾಯಿಯಂತೆ ಒಟ್ಟು 38,400ಕ್ಕೆ ಒಪ್ಪಿಕೊಂಡೆವು. ಲೆಕ್ಕವನ್ನು ಒಂದು ಸಂಜೆ, ದೇವಾಲಯದ ಕಟ್ಟೆಯ ಮೇಲೆ ಕುಳಿತು, ಬೀಡಿ ಕಟ್ಟಿನ ಕಾಗದದ ಹಿಂಬದಿಯಲ್ಲಿ ಮಾಡಿದೆವು. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕದಿದ್ದರೆ ನೋಡುವವರ ನಗೆಗೆ ಗುರಿಯಾಗುವನೆಂದು ಲೂಕರ ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳಿರುವುದನ್ನು ನೀವೆಲ್ಲರೂ ಕೇಳಿದ್ದೀರಿ. ನಾವೂ ಕೇಳಿದ್ದೆವು. ನಾವು ಕುಳಿತೂ ಇದ್ದೆವು, ಲೆಕ್ಕವನ್ನೂ ಹಾಕಿದ್ದೆವು. ಆದರೆ ನಾವು ಮೂವರು ದುಡಿಯುವ ವೇಗದಲ್ಲಿಯೇ ಕೂಲಿಯಾಳುಗಳೂ ದುಡಿಯುವರೆಂದು ಲೆಕ್ಕ ಹಾಕಿದ್ದೆವು. ಸಾರುವೆಯ ಮರಗಳ ಬಾಡಿಗೆ, ಮೋಲ್ಡು ಹಾಕುವಾಗಿನ ಸೆಂಟ್ರಿಂಗ್ ಹಲಗೆಗಳ ಬಾಡಿಗೆ, ಆಳುಗಳ ಕಾಫಿ ತಿಂಡಿ, ಮಳೆ ಬಂದು ಕೆಲಸ ನಿಂತರೂ ದೂರದಿಂದ ಬಂದ ಆಳಿಗೆ ಕೊಡಬೇಕಾದ ಅರ್ಧ ಕೂಲಿ, ಇವು ಯಾವುವೂ ಆ ಬೀಡಿ ಕಾಗದದ ಮೇಲೆ ಇರಲಿಲ್ಲ. ನಮ್ಮ ಮೂವರ ಸ್ವಂತ ಕೂಲಿಯೂ ಇರಲಿಲ್ಲ! ಲಾಭದಲ್ಲಿ ಉಳಿಯುವುದೇ ನಮ್ಮ ಕೂಲಿಯೆಂದು ಬಗೆದಿದ್ದೆವು.

ಆದರೂ ಇವೆಲ್ಲವೂ ಹಣದ ತಪ್ಪುಗಳು. ಕೆಲಸದ ತಪ್ಪು ಏಪ್ರಿಲ್ ತಿಂಗಳಲ್ಲಿ ನಡೆಯಿತು. ಒಳಗೋಡೆಗಳ ಪ್ಲಾಸ್ಟರಿಂಗ್. ಆಳುಗಳ ಸಮಯ ಉಳಿಯಲೆಂದು ಬೆಳಿಗ್ಗೆಯೇ ಇಡೀ ದಿನಕ್ಕೆ ಸಾಲುವಷ್ಟು ಗಾರೆಯನ್ನು ಕಲಸಿಸಿದೆವು. ಸಿಮೆಂಟಿಗೆ ನೀರು ಸೋಕಿದ ಮೇಲೆ ಅದು ಅರ್ಧ ಗಂಟೆಯಿಂದಾಚೆಗೆ ಬಿಗಿಯತೊಡಗುವುದೆಂಬುದು ನಮಗೆ ತಿಳಿಯದುದೇನಲ್ಲ. ಊಟದ ಹೊತ್ತಿಗೆ ಗಾರೆ ಬಿಗಿದಾಗ ಮತ್ತೆ ನೀರು ಸುರಿದು ಕಲಸಿ ಹಚ್ಚಿಸಿದೆವು. ಇತರರ ಕೈಕೆಳಗಿದ್ದಾಗ ಒಮ್ಮೆಯೂ ಮಾಡದ ಈ ಕೆಲಸವನ್ನು ಸ್ವಂತ ಕೆಲಸದಲ್ಲಿ, ಸ್ವಂತ ಹಣ ಉಳಿಸಲೋಸುಗ ಮಾಡಿದೆವು. ಆ ವಾರ ಟ್ಯಾಂಕರ್ ನೀರೂ ಬರಲಿಲ್ಲ. ಏಳು ದಿನ ನೆನೆಸಬೇಕಾದ ಗೋಡೆ ಎರಡು ದಿನ ನೆನೆಯಿತು. ಹತ್ತು ದಿನಗಳಲ್ಲಿ ಗೋಡೆಯ ಮೇಲೆ ಜೇಡನ ಬಲೆಯಂತೆ ಕೂದಲೆಳೆಯ ಬಿರುಕುಗಳು ಕಾಣಿಸಿಕೊಂಡವು. ಸುಣ್ಣ ಬಳಿದರೆ ಮುಚ್ಚಿಹೋಗುತ್ತದೆಂದು ನಮ್ಮಲ್ಲೊಬ್ಬನು ಹೇಳಿದ. ಯಾರೆಂಬುದನ್ನು ಇಂದೂ ಹೇಳುವುದಿಲ್ಲ.

ಮೇಸ್ತ್ರಿಯವರು ಕರೆಯದೆಯೇ ಒಂದು ಸಂಜೆ ಬಂದರು. ಕರಣೆಯ ಮರದ ಹಿಡಿಯಿಂದ ಗೋಡೆಯನ್ನು ತಟ್ಟುತ್ತ, ಕಿವಿಗೊಟ್ಟು ಕೇಳುತ್ತ, ಕೋಣೆಯಿಂದ ಕೋಣೆಗೆ ನಡೆದರು. ಗಟ್ಟಿಯಾಗಿ ಹಿಡಿದ ಗಾರೆಯ ಸದ್ದು ಒಂದು ಬಗೆ. ಒಳಗೆ ಬಿಟ್ಟುಕೊಂಡದ್ದು ಡಬಡಬನೆ ಟೊಳ್ಳಾಗಿ ಸದ್ದು ಮಾಡುತ್ತದೆ. ಟೊಳ್ಳು ಇದ್ದಲ್ಲೆಲ್ಲ ಇದ್ದಿಲಿನಿಂದ ಗೆರೆ ಎಳೆದರು. ಆ ಗೆರೆಗಳೊಳಗೆ ಸುಮಾರು 300 ಚದರಡಿ ಬಂದಿತು.

"ಇದು ಯಾರ ಮನೆ?" ಎಂದು ಕೇಳಿದರು.

"ಆ ಅಮ್ಮನವರದು, ಮೇಸ್ತ್ರಿ."

"ಅಲ್ಲ ಕಣ್ರಪ್ಪ. ಇದನ್ನ ಕೆರೆದು ಮತ್ತೆ ಹಚ್ಚೋ ತನಕ ಇದು ನಿಮ್ಮದೇ," ಎಂದು ಹೇಳಿ ಹೊರಟುಹೋದರು. ಕಾಫಿಯನ್ನೂ ಕುಡಿಯಲಿಲ್ಲ.

ಕೆರೆದೆವು. ಒಂದಕ್ಕೆ ಆರು ಪಾಲಿನ ಗಾರೆಯನ್ನು ಅರ್ಧ ಅಂಗುಲ ದಪ್ಪ ಹಚ್ಚಲು ನೂರು ಚದರಡಿಗೆ ಮುಕ್ಕಾಲು ಮೂಟೆಯಷ್ಟು ಸಿಮೆಂಟು ಬೇಕು. ಎಂದರೆ ಹೆಚ್ಚಿನ ಸಿಮೆಂಟು ಎರಡೂವರೆ ಮೂಟೆಯೊಳಗೇ ಮುಗಿಯಿತು. ಸಾಮಾನಿನ ಹಣ ದೊಡ್ಡದಲ್ಲ. ಕೆರೆಯುವ ಕೂಲಿ, ಕಸ ಹೊರುವ ಕೂಲಿ, ಮತ್ತೆ ಹಚ್ಚುವ ಕೂಲಿ, ಮತ್ತೆ ನೆನೆಸುವ ನೀರು, ಇವೇ ನಮ್ಮನ್ನು ಮುರಿದವು. ಕೊನೆಗೆ ಒಟ್ಟು 47,100 ರೂಪಾಯಿ ಖರ್ಚಾಗಿತ್ತು. ಕೈಯಿಂದ ಬಿದ್ದುದು 8,700. ಅದಕ್ಕಾಗಿ ನಮ್ಮ ತಂಗಿಯ ಮದುವೆಗೆಂದು ಮಾಡಿಸಿಟ್ಟಿದ್ದ ಸರವನ್ನು ಅಡವಿಟ್ಟೆವು. ಅವಳು ತಾನೇ ತೆಗೆದು ಕೊಟ್ಟಳು. ಬಿಡಿಸಿಕೊಡಲು ನಮಗೆ ಎರಡು ವರ್ಷ ಹಿಡಿಯಿತು. ಅಷ್ಟು ಕಾಲ ಅವಳ ಮದುವೆಯ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಈ ಸಭೆಯಲ್ಲಿ ಅವಳೂ ಕುಳಿತಿರುವುದರಿಂದ ಇದನ್ನು ಹೇಳದೆ ಮುಂದಕ್ಕೆ ಹೋಗಲು ನಮಗೆ ಮನಸ್ಸಾಗಲಿಲ್ಲ.

ಅಂದಿನಿಂದ ನಾವು ಹಿಡಿದ ಕೆಲವು ಪದ್ಧತಿಗಳನ್ನು ಹೇಳುತ್ತೇವೆ. ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾದೀತು. ಪ್ರತಿಯೊಂದು ಮನೆಗೂ ಬೇರೆ ಪುಸ್ತಕ, ಬೇರೆ ಹಣದ ಚೀಲ. ನಮ್ಮ ಕಸುಬಿನವರನ್ನು ಮುಳುಗಿಸುವ ದೊಡ್ಡ ರೋಗವೆಂದರೆ ಹೊಸ ಮನೆಯವರು ಕೊಟ್ಟ ಮುಂಗಡದಿಂದ ಹಳೆಯ ಮನೆಯ ಕೆಲಸವನ್ನು ಮುಗಿಸುವುದು. ಅದು ಎರಡು ಮನೆಗಳ ತನಕ ನಡೆಯುತ್ತದೆ, ಮೂರರ ತನಕ ನಡೆಯುತ್ತದೆ, ನಾಲ್ಕನೆಯವರು ಪೊಲೀಸ್ ಠಾಣೆಗೆ ಹೋಗುತ್ತಾರೆ. ನಮಗೆ ಪರಿಚಿತರಾದ ಒಳ್ಳೆಯ ಕೆಲಸಗಾರರೇ ಹೀಗೆ ಊರು ಬಿಟ್ಟಿದ್ದಾರೆ. ಅವರು ಕಳ್ಳರಲ್ಲ, ಲೆಕ್ಕ ಬರೆಯದವರು, ಅಷ್ಟೆ. ಹಣದ ಕಂತುಗಳನ್ನು ಕೆಲಸದ ಹಂತಕ್ಕೆ ಕಟ್ಟಬೇಕು: ಪಾಯ ಮುಗಿದಾಗ ಇಷ್ಟು, ಲಿಂಟಲ್ ಮಟ್ಟಕ್ಕೆ ಇಷ್ಟು, ಮೋಲ್ಡಿಗೆ ಇಷ್ಟು. ಅದನ್ನು ಕಾಗದದ ಮೇಲೆ ಬರೆದು ಇಬ್ಬರೂ ರುಜು ಹಾಕಬೇಕು, ಮನೆಯವರು ಸ್ವಂತ ಚಿಕ್ಕಪ್ಪನಾದರೂ ಸರಿ. ಚಿಕ್ಕಪ್ಪನಾದರೆ ಇನ್ನೂ ಅವಶ್ಯ. ಮನೆಯವರು ನಡುವೆ 'ಇಲ್ಲೊಂದು ಕಪಾಟು, ಅಲ್ಲೊಂದು ಕಿಟಕಿ' ಎಂದರೆ ನಗುತ್ತಾ ಒಪ್ಪಿಕೊಂಡು, ಆ ದಿನವೇ ಪುಸ್ತಕದಲ್ಲಿ ಬೆಲೆ ಬರೆದು ತೋರಿಸಬೇಕು. ಕೊನೆಯಲ್ಲಿ ಕೇಳಿದರೆ ಜಗಳ.

ಬಂಡವಾಳದ ಮಾತು. ನಾವು ಆರಂಭಿಸಿದಾಗ ಮೀಟರ್ ಬಡ್ಡಿಯವರ ಹೊರತು ನಮಗೆ ಸಾಲ ಕೊಡುವವರಿರಲಿಲ್ಲ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಸಣ್ಣ ಉದ್ಯೋಗಕ್ಕೆ ಒತ್ತೆಯಿಲ್ಲದೆ ಬ್ಯಾಂಕಿನ ಸಾಲ ದೊರೆಯುತ್ತದೆ. ಅದರ ಮೊದಲ ವರ್ಗ 50,000 ರೂಪಾಯಿಯ ತನಕ. ಕರಣೆ, ಮಟ್ಟ, ಬಾಂಡ್ಲಿ, ಸಾರುವೆ ಸಾಮಾನು ಕೊಳ್ಳಲು ಅಷ್ಟು ಸಾಕು. ಕಾಂಕ್ರೀಟು ಕಲಸುವ ಯಂತ್ರವನ್ನು ಮೊದಲ ವರ್ಷವೇ ಕೊಳ್ಳಬೇಡಿರಿ, ಬಾಡಿಗೆಗೆ ಸಿಗುತ್ತದೆ. ಸೇವೆಯ ವ್ಯವಹಾರ ವರ್ಷಕ್ಕೆ 20 ಲಕ್ಷ ಮೀರಿದರೆ ಜಿ.ಎಸ್.ಟಿ. ನೋಂದಣಿ ಅಗತ್ಯ, ಆ ಮಟ್ಟಕ್ಕೆ ಬೆಳೆದ ದಿನ ಒಬ್ಬ ಲೆಕ್ಕಿಗರನ್ನು ಹುಡುಕಿಕೊಳ್ಳಿರಿ. ಈ ಭಾಗವನ್ನು ನಮ್ಮಿಂದ ಕೇಳುವುದಕ್ಕಿಂತ ಅವರಿಂದ ಕೇಳುವುದೇ ಲೇಸು.

ಇನ್ನು ಹೇಳಲು ಕಷ್ಟವಾದ ಸಂಗತಿ. 2011ರ ವೇಳೆಗೆ ನಮ್ಮ ಕೈಕೆಳಗೆ ಹದಿನೆಂಟು ಮಂದಿ ಇದ್ದರು. ಹೆಸರು ಬಂದಿತ್ತು, ಬೈಕುಗಳು ಬಂದಿದ್ದವು. ಆಳುಗಳಲ್ಲಿ ಹೆಚ್ಚಿನವರು ರಾಯಚೂರು, ಯಾದಗಿರಿ ಕಡೆಯಿಂದ ಬಂದವರು. ಕಟ್ಟುತ್ತಿದ್ದ ಮನೆಯ ಪಕ್ಕದಲ್ಲಿಯೇ ತಗಡಿನ ಗುಡಿಸಲಲ್ಲಿ ಸಂಸಾರ ಹೂಡಿದವರು. ಒಂದು ಬೆಳಿಗ್ಗೆ ಹೊರಗೋಡೆಯ ಪ್ಲಾಸ್ಟರಿಂಗ್ ನಡೆಯುತ್ತಿದ್ದಾಗ ಸಾರುವೆಯ ಸರ್ವೆ ಮರವನ್ನು ಅಡ್ಡಮರಕ್ಕೆ ಕಟ್ಟಿದ್ದ ಹುರಿ ಕಡಿದು, ಮೇಲೆ ನಿಂತಿದ್ದ ಒಬ್ಬ ಯುವಕ ಹನ್ನೆರಡು ಅಡಿಯಿಂದ ಜಲ್ಲಿಯ ರಾಶಿಯ ಮೇಲೆ ಬಿದ್ದ. ತೊಡೆಯ ಮೂಳೆ ಎರಡು ಕಡೆ ಮುರಿಯಿತು. ಆ ಹುರಿ ಮೂರು ಮಳೆಗಾಲ ನೆಂದು ಒಣಗಿದ್ದುದು. ಅದನ್ನು ಬದಲಿಸಬೇಕೆಂದು ಹಿಂದಿನ ವಾರವಷ್ಟೆ ಅವನೇ ನಮಗೆ ಹೇಳಿದ್ದ. ಈ ಮನೆ ಮುಗಿಯಲಿ ಎಂದಿದ್ದೆವು.

ಆಸ್ಪತ್ರೆಯಲ್ಲಿ ಒಬ್ಬ ಸಮಾಜಸೇವಕಿ ನಮ್ಮನ್ನು ಒಂದೇ ಪ್ರಶ್ನೆ ಕೇಳಿದರು: ಇವರ ಹೆಸರು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿದೆಯೇ? ಕಟ್ಟಡ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರದ ಕಾಯಿದೆ 1996ರಲ್ಲಿಯೇ ಬಂದಿತ್ತು. ಕರ್ನಾಟಕದಲ್ಲಿ ಮಂಡಳಿಯು 2007ರಲ್ಲಿ ರಚಿತವಾಗಿತ್ತು. ಕಟ್ಟಡಗಳ ವೆಚ್ಚದ ಮೇಲೆ ನೂರಕ್ಕೆ ಒಂದರಂತೆ ಸುಂಕ ಸಂಗ್ರಹವಾಗಿ ಆ ನಿಧಿಗೆ ಸೇರುತ್ತಿತ್ತು. ಹದಿನೆಂಟರಿಂದ ಅರವತ್ತು ವರ್ಷದೊಳಗಿನ ಕಾರ್ಮಿಕನು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿರುವನೆಂದು ತೋರಿಸಿದರೆ ನೋಂದಣಿಯಾಗುತ್ತಿತ್ತು. ಅಪಘಾತವಾದರೆ ನೆರವು ಸಿಗುತ್ತಿತ್ತು. ಆ 90 ದಿನಗಳ ಬಗ್ಗೆ ಒಂದು ಪ್ರಮಾಣಪತ್ರಕ್ಕೆ ರುಜು ಹಾಕುವುದಷ್ಟೆ ನಮ್ಮಿಂದ ಆಗಬೇಕಾಗಿದ್ದುದು. ಅವನು ನಮ್ಮಲ್ಲಿ ನಾಲ್ಕು ವರ್ಷ ದುಡಿದಿದ್ದ. ನಾವು ಒಂದು ಕಾಗದಕ್ಕೆ ರುಜು ಹಾಕಿರಲಿಲ್ಲ.

ಯಂತ್ರವನ್ನೂ ಎರಡು ಬೈಕುಗಳನ್ನೂ ಮಾರಿ ಚಿಕಿತ್ಸೆ ಮಾಡಿಸಿದೆವು. ಇದನ್ನು ಹೇಳಿದಾಗ ಕೆಲವರು ನಮ್ಮನ್ನು ಹೊಗಳುವುದುಂಟು. ಹೊಗಳಬೇಡಿರಿ. ಕೆಲಸಗಾರನಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು 1891ರಲ್ಲಿಯೇ ಜಗದ್ಗುರು ಹದಿಮೂರನೆಯ ಲಿಯೋರವರು ವಿಶ್ವಪತ್ರವನ್ನು ಬರೆದರು. ಅದನ್ನು ಇದೇ ಸಭಾಂಗಣದಲ್ಲಿ ಮೇ ದಿನದ ಭಾಷಣಗಳಲ್ಲಿ ಎಷ್ಟೋ ಸಲ ಕೇಳಿ ಚಪ್ಪಾಳೆ ತಟ್ಟಿದವರು ನಾವು. ಕೂಲಿಯನ್ನು ನಾವು ಯಾರಿಗೂ ಒಂದು ದಿನ ತಡಮಾಡಿ ಕೊಟ್ಟವರಲ್ಲ. ಅಷ್ಟರಿಂದಲೇ ಸಾಲ ತೀರಿತೆಂದು ನಂಬಿದ್ದೆವು. ಆ ಯುವಕ ಈಗ ಏಣಿ ಹತ್ತಲಾರ. ನಮ್ಮ ಗೋದಾಮಿನ ಸಾಮಾನಿನ ಲೆಕ್ಕವನ್ನು ಅವನೇ ನೋಡಿಕೊಳ್ಳುತ್ತಾನೆ. ಸಾರುವೆಯ ಹಗ್ಗ, ಕೊಳವೆ, ಬಿಗಿಯುವ ಕ್ಲಾಂಪುಗಳನ್ನು ಅವನು ನೋಡಿ 'ಸರಿ' ಎನ್ನದೆ ಯಾವ ಕೆಲಸಕ್ಕೂ ಕಳುಹಿಸುವುದಿಲ್ಲ. ಒಮ್ಮೆ ನಮ್ಮ ಹಿರಿಯಣ್ಣನೇ ಅವಸರಪಡಿಸಿದಾಗ, "ಬೇಡ್ರಿ ಅಣ್ಣಾರ, ಇದು ಹಳೇದೈತಿ," ಎಂದು ಹಗ್ಗವನ್ನು ಕುಡುಗೋಲಿನಿಂದ ಎರಡು ತುಂಡು ಮಾಡಿ ಬಿಸಾಡಿದ.

ಇನ್ನೊಂದು ಮಾತು, ಇಲ್ಲಿ ಕುಳಿತಿರುವ ಹೆಣ್ಣುಮಕ್ಕಳಿಗೆ. ನಮ್ಮ ಕೆಲಸದಲ್ಲಿ ಅರ್ಧದಷ್ಟು ಭಾರ ಹೊರುವವರು ಹೆಂಗಸರು. ಬಾಂಡ್ಲಿ ಹೊತ್ತು, ಮರಳು ಜರಡಿ ಹಿಡಿದು ಇಪ್ಪತ್ತು ವರ್ಷ ಕಳೆದರೂ ಅವರು ಆಳುಗಳಾಗಿಯೇ ಉಳಿಯುತ್ತಾರೆ. ಅವರ ಪಕ್ಕದಲ್ಲಿ ನಿನ್ನೆ ಬಂದ ಹುಡುಗ ಎರಡು ವರ್ಷದಲ್ಲಿ ಕರಣೆ ಹಿಡಿಯುತ್ತಾನೆ. ಗಾರೆಯ ಹದವನ್ನು ಅವರಷ್ಟು ಬಲ್ಲವರು ಬೇರಿಲ್ಲ. ಹೀಗಿದ್ದೂ ಇಷ್ಟು ವರ್ಷಗಳಲ್ಲಿ ಒಬ್ಬ ಹೆಂಗಸಿಗೂ ನಾವು ಕರಣೆ ಕೊಡಲಿಲ್ಲ. ಏಕೆಂದು ನಮ್ಮ ಮಗಳೇ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಕೊನೆಯದಾಗಿ ನಮ್ಮ ದೇವಾಲಯದ ಗೋಡೆಯ ವಿಷಯ. ಶತಮಾನೋತ್ಸವಕ್ಕಾಗಿ ಅದರ ದುರಸ್ತಿಯನ್ನು ಗುರುಗಳು ನಮಗೆ ವಹಿಸಿದಾಗ ನಾವು ಬಹು ಸುಲಭವೆಂದುಕೊಂಡೆವು. ಉತ್ತರದ ಗೋಡೆ ತೇವ ಹಿಡಿದು, ಉಪ್ಪು ಹೂವಿನಂತೆ ಹೊರಬಂದು, ಹಿಂದೆ ಯಾರೋ ಹಚ್ಚಿದ್ದ ಸಿಮೆಂಟು ಗಾರೆ ತಟ್ಟೆತಟ್ಟೆಯಾಗಿ ಕಳಚಿ ಬೀಳುತ್ತಿದ್ದುದನ್ನು ನೀವೆಲ್ಲ ನೋಡಿದ್ದೀರಿ. ಆ ಸಿಮೆಂಟು ಹಚ್ಚಿದವರಲ್ಲಿ ನಾವೂ ಒಬ್ಬರೆಂಬುದು ಅನೇಕರಿಗೆ ತಿಳಿಯದು; 2003ರ ದುರಸ್ತಿಯಲ್ಲಿ ಪೀಠದ ಹಿಂಬದಿಯ ಗೋಡೆ ನಮ್ಮ ಕೈಯದೇ. ನೂರು ವರ್ಷದ ಹಿಂದೆ ಈ ಗೋಡೆಯನ್ನು ಕಟ್ಟಿದವರು ಸುಣ್ಣದ ಗಾರೆಯಿಂದ ಕಟ್ಟಿದರು. ಆ ಗೋಡೆಯು ನೆಲದಿಂದ ತೇವವನ್ನು ಎಳೆದುಕೊಳ್ಳುತ್ತದೆ, ಮತ್ತೆ ಗಾಳಿಗೆ ಬಿಟ್ಟುಕೊಡುತ್ತದೆ. ನಾವು ಅದರ ಮೇಲೆ ಸಿಮೆಂಟಿನ ಅಂಗಿ ತೊಡಿಸಿ ಗುಂಡಿ ಹಾಕಿಬಿಟ್ಟಿದ್ದೆವು. ಹೊರಗೆ ಹೋಗಲಾರದ ನೀರು ಒಳಗೇ ನಿಂತು ಉಪ್ಪಾಗಿ ಸಿಡಿಯುತ್ತಿತ್ತು.

ಹೀಗಾಗಿ ಐವತ್ತು ದಾಟಿದ ವಯಸ್ಸಿನಲ್ಲಿ ನಾವು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ನಮ್ಮ ಮೇಸ್ತ್ರಿಯವರು ಆಗಲೇ ತೀರಿಕೊಂಡಿದ್ದರು. ಹಾಸನದ ಶೆಟ್ಟಿಹಳ್ಳಿಗೆ ಹೋಗಿ, ಫ್ರೆಂಚ್ ಧರ್ಮಪ್ರಚಾರಕರು 1860ರ ದಶಕದಲ್ಲಿ ಕಟ್ಟಿಸಿದ, ಈಗ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವ ದೇವಾಲಯದ ಅವಶೇಷವನ್ನು ನೋಡಿಬಂದೆವು. ಛಾವಣಿಯಿಲ್ಲ, ನೆಲವಿಲ್ಲ, ಬಹಳಷ್ಟು ಬಿದ್ದುಹೋಗಿದೆ. ಆದರೂ ಅಷ್ಟು ವರ್ಷ ನೀರು ಕುಡಿದ ಕಮಾನುಗಳು ಇನ್ನೂ ನಿಂತಿದ್ದವು. ಕನ್ನಂಬಾಡಿ ಅಣೆಕಟ್ಟೆಯೂ ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಿಂದಲೇ ಎದ್ದುದು. ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡುವ ಒಬ್ಬ ವೃದ್ಧರು, ತಮಿಳುನಾಡಿನ ಕಡೆಯವರು, ನಮ್ಮನ್ನು ಒಂದು ತಿಂಗಳು ಜೊತೆಗಿರಿಸಿಕೊಂಡರು. ಸುಟ್ಟ ಸುಣ್ಣವನ್ನು ನೀರಿನ ಗುಂಡಿಯಲ್ಲಿ ಅರಳಿಸಿ ವಾರಗಟ್ಟಲೆ ಕೊಳೆಯಬಿಡುವುದು, ಮರಳು ಸುರ್ಕಿಯೊಡನೆ ಅರೆಯುವುದು, ಬೆಲ್ಲದ ನೀರು ಮತ್ತು ಅಳಲೆಕಾಯಿಯ ನೀರು ಬೆರೆಸುವುದು, ತೆಳುವಾಗಿ ಪದರ ಪದರವಾಗಿ ಹಚ್ಚಿ, ಒಂದೊಂದು ಪದರಕ್ಕೂ ಗಾಳಿಯನ್ನು ಕುಡಿದು ಗಟ್ಟಿಯಾಗಲು ಸಮಯ ಕೊಡುವುದು. ಸಿಮೆಂಟಿನ ಅವಸರಕ್ಕೆ ಒಗ್ಗಿದ ಕೈಗೆ ಇದು ಶಿಕ್ಷೆಯಂತೆಯೇ ಇತ್ತು. ನಮ್ಮ ಮೊದಲ ತೇಪೆಯನ್ನು ಅವರು ಕರಣೆಯಿಂದ ಕೆರೆದು ಬೀಳಿಸಿದರು. ಆಮೇಲೆ ಅವರು ನಮಗೆ ಕೊಟ್ಟ ಕೆಲಸ ಸುಣ್ಣ ಜರಡಿ ಹಿಡಿಯುವುದು.

ಉತ್ತರದ ಗೋಡೆಯ ಕೆಳಭಾಗ ಮಾತ್ರ ಈಗ ಮುಗಿದಿದೆ. ಒಂದು ಮಳೆಗಾಲ ಕಳೆಯದೆ ಅದು ಚೆನ್ನಾಗಿದೆಯೆಂದು ನಾವು ಹೇಳುವುದಿಲ್ಲ. ಹಬ್ಬಕ್ಕೆ ಮುಂಚೆ ಇಡೀ ದೇವಾಲಯಕ್ಕೆ ಬಣ್ಣ ಹೊಡೆಯಬೇಕೆಂದು ಸಮಿತಿಯವರು ಒತ್ತಾಯಿಸಿದಾಗಲೂ ಒಪ್ಪಲಿಲ್ಲ. ಆದುದರಿಂದಲೇ ಶತಮಾನೋತ್ಸವದ ಛಾಯಾಚಿತ್ರಗಳಲ್ಲಿ ಆ ಬದಿ ತೇಪೆ ಹಾಕಿದಂತೆ ಕಾಣುವುದು. ಕ್ಷಮಿಸಬೇಕು.

ಗಂಟೆಗೋಪುರದ ಕೆಲಸ ಸೋಮವಾರದಿಂದ ಆರಂಭ. ಕಲಿಯಬೇಕೆನ್ನುವವರು ನಾಲ್ವರನ್ನು ತೆಗೆದುಕೊಳ್ಳುತ್ತೇವೆ. ಇಬ್ಬರು ಹೆಣ್ಣುಮಕ್ಕಳಾದರೆ ಸಂತೋಷ. ಹದಿನೆಂಟು ತುಂಬಿರಬೇಕು. ಮೊದಲ ದಿನದಿಂದಲೇ ಕೂಲಿ, ತಲೆಗೆ ಹೆಲ್ಮೆಟ್, ಕಾಲಿಗೆ ಬೂಟು ನಮ್ಮವು. ಮಂಡಳಿಯ ನೋಂದಣಿಗೆ ಬೇಕಾದ ಆಧಾರ್ ಪ್ರತಿ, ಎರಡು ಭಾವಚಿತ್ರ, ಬ್ಯಾಂಕಿನ ಪುಸ್ತಕ ತನ್ನಿರಿ. ಏಳೂವರೆಗೆ ಗೋದಾಮಿನ ಬಳಿ ಬಂದು, ಕಾಲನ್ನು ಸ್ವಲ್ಪ ಎಳೆದು ನಡೆಯುವ ಅಣ್ಣನನ್ನು ಕೇಳಿರಿ. ಜರಡಿಗಳು ಎಲ್ಲಿವೆಯೆಂದು ಅವರೇ ತೋರಿಸುತ್ತಾರೆ.